ಗಿರಣಿ ಮೆಟ್ಟಿಲ ಚುಕ್ಕೆ ನಾಯಿ

ಲಾರಿಯ ಹಾರನ್ ಗಿರಣಿಯ ಅಂಗಳ ಅದುರುವಂತೆ ಕಿರುಚಿತು. ಒಣಹಾಕಿದ್ದ ಭತ್ತದ ಮೇಲಿದ್ದ ಗುಬ್ಬಚ್ಚಿಗಳು ಒಮ್ಮೆಗೇ ಎದ್ದು ಹಾರಿದವು. ಮೂಟೆ ಹೊತ್ತಿದ್ದ ಹಮಾಲನೊಬ್ಬ ಬೆಚ್ಚಿಬಿದ್ದು ಡ್ರೈವರನ ವಂಶವನ್ನೇ ಬೈದ.

ಕಂಬಕ್ಕೆ ಕಟ್ಟಿದ್ದ ಪಿಂಟೋ ಮಾತ್ರ ತಲೆ ಎತ್ತಲಿಲ್ಲ. ಮುಂಗಾಲುಗಳ ಮೇಲೆ ಗದ್ದವಿಟ್ಟು ಬೇರೆ ಕಡೆ ಮುಖ ಮಾಡಿ ಮಲಗಿದ್ದ ಅದರ ಕಿವಿ ಕೂಡ ಅಲುಗಲಿಲ್ಲ.

ಬರೆಯುತ್ತಿದ್ದ ವಾಣಿ ಪೆನ್ನು ನಿಲ್ಲಿಸಿದಳು.

ಬಿಳಿ ಮೈ, ಕರಿ ಚುಕ್ಕೆ, ಉದ್ದ ಕಾಲಿನ ಡಾಲ್ಮೇಶಿಯನ್ ಗಂಡುನಾಯಿ. ಗಿರಣಿಯ ಯಜಮಾನ ಉಜ್ಜನಪ್ಪನವರನ್ನು ಮೆಟ್ಟಿಲಿನಿಂದ ಕೆಡವಿ ಕೊಂದದ್ದು ಇದೇ ನಾಯಿ ಎಂದು ಹರಿಹರದ ಊರಿಗೆ ಊರೇ ನಂಬಿತ್ತು. ಸಬ್ ಇನ್ಸ್‌ಪೆಕ್ಟರ್ ಹಿದಾಯತ್ ಮಾತ್ರ ಫೈಲು ಮುಚ್ಚುವ ಮೊದಲು, ನಾಯಿಗಳ ಸ್ವಭಾವ ಬಲ್ಲವರೊಬ್ಬರ ವರದಿ ಬೇಕೆಂದು ಹಟ ಹಿಡಿದಿದ್ದರು. ವರದಿ ಬಂದ ಮರುದಿನ ನಾಯಿಗೆ ವಿಷದ ಇಂಜೆಕ್ಷನ್ ಕೊಡಿಸುವುದೆಂದು ಮನೆಯವರು ತೀರ್ಮಾನಿಸಿಯಾಗಿತ್ತು.

ಹಾಗಾಗಿ ದಾವಣಗೆರೆಯಿಂದ ವಾಣಿ ಬಂದಿದ್ದಳು. ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪಿನ ಮೇಲೆ ಅವಳದೊಂದು ಕೋಣೆ. ಔಷಧ ಕೊಡುವವಳಲ್ಲ. ಪುಣೆಯಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸುವವರ ಹತ್ತಿರ ಕಲಿತು ಬಂದು, ಮನೆನಾಯಿಗಳು ಯಾಕೆ ಕಚ್ಚುತ್ತವೆ, ಯಾಕೆ ಊಳಿಡುತ್ತವೆ ಎಂದು ನೋಡಿ, ತಿದ್ದಿ, ಮಾಲೀಕರಿಗೆ ವರದಿ ಬರೆದುಕೊಡುತ್ತಿದ್ದಳು. ಜನ ಅವಳನ್ನು ನಾಯಿ ಮೇಡಂ ಅನ್ನುತ್ತಿದ್ದರು.

ಅವಳ ವರದಿಗಳಲ್ಲಿ ಯಾವಾಗಲೂ ಮೂರೇ ಭಾಗ. ನೋಡಿದ್ದು, ಕೇಳಿದ್ದು, ಅನ್ನಿಸಿದ್ದು. ಒಂದನ್ನು ಇನ್ನೊಂದರಲ್ಲಿ ಬೆರೆಸುತ್ತಿರಲಿಲ್ಲ. ‘ನಾಯಿ ಸೊಸೆಯ ಚಪ್ಪಲಿಯನ್ನಷ್ಟೇ ಕಡಿಯುತ್ತದೆ’ ಎಂದು ಅತ್ತೆ ಹೇಳಿದರೆ ಅದು ‘ಕೇಳಿದ್ದು’. ಅತ್ತೆಯೇ ಆ ಚಪ್ಪಲಿಯನ್ನು ನಾಯಿಯ ಮುಂದೆ ಎಸೆದದ್ದು ಕಂಡರೆ ಅದು ‘ನೋಡಿದ್ದು’. ಅಂಥದ್ದನ್ನು ಮನೆ ಒಡೆಯದ ಹಾಗೆ ಹೇಗೆ ಬರೆಯಬೇಕೆಂದು ಅವಳು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡದ್ದೂ ಉಂಟು.

ಇವತ್ತಿನದು ಚಪ್ಪಲಿಯ ಮಾತಲ್ಲ.

ವಾಣಿ ಸದ್ದಾಗದಂತೆ ಎದ್ದು ನಾಯಿಯ ಬೆನ್ನ ಹಿಂದೆ ಹೋದಳು. ಮೂಟೆಗಳ ಮರೆಯಲ್ಲಿ ನಿಂತು ಸೀಟಿ ಊದಿದಳು. ಇಲ್ಲ. ಚಪ್ಪಾಳೆ ತಟ್ಟಿದಳು. ಇಲ್ಲ. ಕೊನೆಗೆ ಪಾದವನ್ನು ನೆಲಕ್ಕೆ ಜೋರಾಗಿ ಅಪ್ಪಳಿಸಿದಳು.

ಪಿಂಟೋ ಗಕ್ಕನೆ ಎದ್ದು ತಿರುಗಿ ಹಲ್ಲು ತೋರಿಸಿತು. ಅವಳ ಮುಖ ಕಂಡದ್ದೇ ಬಾಲ ತಗ್ಗಿಸಿ, ನಾಚಿದಂತೆ ನೆಲ ಮೂಸಿತು.

‘ಅಯ್ಯೋ ಕೂಸೇ,’ ಎಂದುಕೊಂಡಳು ವಾಣಿ. ಈ ತಳಿಯಲ್ಲಿ ಹುಟ್ಟುಗಿವುಡು ಅಪರೂಪವಲ್ಲ.

* * *

“ಬರ್ಕೊಂಡ್ರೇನ್ರಿ ಮೇಡಂ?”

ಉಜ್ಜನಪ್ಪನವರ ತಮ್ಮನ ಮಗ ಪ್ರಶಾಂತ ಬಂದಿದ್ದ. ಮೂವತ್ತರ ಆಸುಪಾಸು. ಗಿರಣಿಯ ವ್ಯವಹಾರವೆಲ್ಲ ಈಗ ಅವನ ಕೈಯಲ್ಲೇ. ಇಸ್ತ್ರಿ ಮಾಡಿದ ಅಂಗಿ. ಆದರೆ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

“ಅವತ್ತು ಏನಾಯ್ತು ಅಂತ ಇನ್ನೊಂದ್ಸಲ ಹೇಳ್ತೀರಾ?”

“ಎಷ್ಟ್ ಸಲ ಹೇಳೋದ್ರಿ? ಸಂಜಿಮುಂದ ರಸ್ತ್ಯಾಗೆ ಮದುವಿ ದಿಬ್ಬಣ ಹೊಂಟಿತ್ತು. ಪಟಾಕಿ ಸರ ಹಚ್ಚಿದ್ರು. ಆ ಸದ್ದಿಗೆ ಬೆದರಿ ನಾಯಿ ಆಫೀಸಿಂದ ಕೆಳಗ ಓಡಿ ಬಂತು. ದೊಡ್ಡಪ್ಪಾರು ಮೆಟ್ಲ ಹತ್ತುತಿದ್ರು. ಎದಿಗೇ ಹಾಯ್ತು. ತೆಲಿ ಕಲ್ಲಿಗೆ ಬಡೀತು.”

“ನೀವು ಎಲ್ಲಿದ್ರಿ?”

“ಇಲ್ಲೇ, ಕೆಳಗ. ಕಣ್ಣಾರೆ ನೋಡೇನಿ.”

“ಪಟಾಕಿ ಸದ್ದಿಗೇ ಬೆದರಿತು ಅಂತ ಹೆಂಗೆ ಗೊತ್ತಾಯ್ತು?”

“ಸದ್ದು ಆತು, ನಾಯಿ ಓಡಿ ಬಂತು. ಅದ್ರಾಗ ಗೊತ್ತಾಗದು ಏನೈತ್ರಿ?”

ವಾಣಿ ನಾಯಿ ಇರುತ್ತಿದ್ದ ಜಾಗ ನೋಡಬೇಕೆಂದಳು. ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿದರೆ ಗಿರಣಿಯ ಆಫೀಸು. ಉಜ್ಜನಪ್ಪನವರ ಕುರ್ಚಿ, ಅದರ ಪಕ್ಕದಲ್ಲೇ ಗೋಣಿತಾಟಿನ ಹಾಸಿಗೆ, ನೀರಿನ ಬೋಗುಣಿ. ಹಿಂಬದಿಗೆ ಇನ್ನೊಂದು ಬಾಗಿಲು. ಅಲ್ಲಿಂದ ಇಳಿದರೆ ಮನೆಯ ಹಿತ್ತಲು.

ಮುಂಬಾಗಿಲಿನ ಒಳಮೈ ನೋಡಿದ ವಾಣಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಕೆಳಭಾಗದ ಹಸಿರು ಬಣ್ಣ ಉಗುರಿನ ಗೀರುಗಳಲ್ಲಿ ಎದ್ದುಹೋಗಿತ್ತು. ಒಳಗಿನ ಮರ ಇನ್ನೂ ಹಸಿಹಸಿ. ಹಳೆಯ ಗೀರು ಒಂದೂ ಇರಲಿಲ್ಲ. ಎಲ್ಲವೂ ಒಂದೇ ಸಲದ ಕೆರೆತ, ಅದೂ ಜೀವ ಬಿಟ್ಟು ಕೆರೆದದ್ದು.

“ಇಲ್ಲಿ ನಾಯೀನ ಕೂಡಿ ಹಾಕಿದ್ರಾ?”

“ಇಲ್ರಿ. ದೊಡ್ಡಪ್ಪಾರು ಬಾಗಿಲಾ ಯಾವತ್ತೂ ತೆಗೆದೇ ಇಟ್ಟಿರ್ತಿದ್ರು.”

“ಮತ್ತೆ ಇದು?”

ಪ್ರಶಾಂತ ಬಗ್ಗಿ ನೋಡಿದ. ಅವನ ಮುಖದಲ್ಲಿ ಕಂಡದ್ದು ನಿಜವಾದ ಅಚ್ಚರಿಯೋ, ಜಾಣತನವೋ, ವಾಣಿಗೆ ತಿಳಿಯಲಿಲ್ಲ.

“ನಾಯಿ ಅಲ್ಲೇನ್ರಿ. ಕೆರ್ಕಂಡಿರ್ತೈತೆ ಬಿಡ್ರಿ.”

ಕೆಳಗಿಳಿದಾಗ ಉಜ್ಜನಪ್ಪನವರ ಹೆಂಡತಿ ನಿರ್ಮಲಮ್ಮ ಹಿತ್ತಲ ಗೇಟಿನ ಹತ್ತಿರ ನಿಂತಿದ್ದರು. ಹಣೆಯಲ್ಲಿ ವಿಭೂತಿ. ನೇರ ಬೆನ್ನು. ನಾಯಿಯಿದ್ದ ಕಡೆ ಒಮ್ಮೆಯೂ ನೋಡಲಿಲ್ಲ.

“ಅದು ಕರೆದ್ರೆ ಬರ್ತಿತ್ತೇನಮ್ಮಾ?” ವಾಣಿ ಕೇಳಿದಳು.

“ಎಲ್ಲಿ ಬರ್ತಿತ್ರಿ? ಸೊಕ್ಕಿನ ನಾಯಿ. ಅವರೊಬ್ರ ಮಾತಿಗೇ ಕುಣೀತಿತ್ತು. ನನಗಂತೂ ನಾಯಿ ಕಂಡ್ರ ಆಗಂಗಿಲ್ಲ, ಮನಿಯೊಳಗ ಬಿಟ್ಕೊಂಡಾಕಿ ಅಲ್ಲ.” ಗೇಟಿಗೆ ಕೈ ಹಾಕಿ, “ಲಗೂನ ಬರೆದು ಕೊಡ್ರಿ ತಂಗೀ. ಸಾವಿನ ಮನ್ಯಾಗೆ ಪೊಲೀಸ್ರು ತಿರುಗೋದು ಚೆಂದ ಕಾಣಂಗಿಲ್ಲ,” ಎಂದು ಒಳಗೆ ಹೋದರು.

* * *

ಅಂಗಳದಲ್ಲಿ ಪ್ರಶಾಂತ ವಾಣಿಯ ಕೈಗೊಂದು ಹಾಳೆ ಕೊಟ್ಟ. ಅಚ್ಚುಕಟ್ಟಾಗಿ ಟೈಪ್ ಮಾಡಿದ ವರದಿ. ‘ಸದರಿ ನಾಯಿಯು ಪಟಾಕಿ ಶಬ್ದಕ್ಕೆ ಬೆದರುವ ಸ್ವಭಾವದ್ದಾಗಿದ್ದು, ಅತ್ಯಂತ ಅಪಾಯಕಾರಿ’ ಎಂದು ಶುರುವಾಗಿ, ಕೆಳಗೆ ಅವಳ ಹೆಸರಿನವರೆಗೂ ಇತ್ತು.

“ನಿಮಗ್ಯಾಕ ತ್ರಾಸು ಅಂತ ನಾನೇ ಮಾಡ್ಸೇನಿ. ಸಹಿ ಒಂದು ಹಾಕಿದ್ರಾತು.”

“ನನ್ನ ವರದಿ ನಾನೇ ಬರೀತೀನ್ರಿ.”

“ಮೇಡಂ, ಪಿ.ಜೆ. ಬಡಾವಣ್ಯಾಗೆ ನಿಮ್ಮ ಕಡೆ ನಾಯಿ ತರೋರಾಗ ಅರ್ಧ ಮಂದಿ ನಮ್ಮ ಬೀಗರೇ. ನಾಳಿಂದ ಯಾರೂ ನಿಮ್ಮ ಬಾಗ್ಲಿಗೆ ಬರಂಗಿಲ್ಲ, ನೋಡ್ರಿ.”

ಅದು ಬರಿಯ ಬೆದರಿಕೆಯಲ್ಲ, ಆಗಬಹುದಾದದ್ದೇ. ಆದರೂ ಅವಳು ಹಾಳೆಯನ್ನು ಮಡಚಿ ಅವನಿಗೇ ಕೊಟ್ಟಳು.

“ಒಂದು ಕೆಲಸ ಮಾಡ್ತೀರಾ? ಆ ಹಿತ್ತಾಳಿ ಪರಾತ ತಗೊಳ್ರಿ. ನಾಯಿ ಹಿಂದೆ, ಅದಕ್ಕೆ ಕಾಣದಂಗೆ ನಿಂತು, ಕಬ್ಬಿಣದ ಸಲಾಕೆಯಿಂದ ಬಡೀರಿ. ಎಷ್ಟು ಜೋರಾಗಿ ಆಗ್ತೈತೋ ಅಷ್ಟು.”

“ಯಾಕ?”

“ಬಡೀರಿ.”

ಪ್ರಶಾಂತ ಸಿಡುಕುತ್ತಲೇ ಮೂಟೆಗಳ ಪಕ್ಕದಲ್ಲಿದ್ದ ಆ ಅಗಲ ತಟ್ಟೆಯನ್ನು ಎತ್ತಿಕೊಂಡ. ಮೊದಲ ಏಟಿಗೆ ಹಮಾಲರೆಲ್ಲ ತಿರುಗಿದರು. ಎರಡನೆಯದಕ್ಕೆ ವಾಣಿಯೇ ಕಿವಿ ಮುಚ್ಚಿಕೊಂಡಳು. ಅವನು ಹುಚ್ಚನಂತೆ ಬಡಿಯುತ್ತಲೇ ಹೋದ.

ಪಿಂಟೋ ತನ್ನ ಪಾಡಿಗೆ ಕಾಲು ನೆಕ್ಕುತ್ತಿತ್ತು.

ಸಲಾಕೆ ಅವನ ಕೈಯಿಂದ ಜಾರಿ ಬಿತ್ತು.

“ಹುಟ್ಟಿನಿಂದಾನೇ ಕಿವುಡು,” ಎಂದಳು ವಾಣಿ. “ಪಟಾಕಿ ಅಲ್ಲ, ಪಕ್ಕದಾಗ ಬಾಂಬ್ ಬಿದ್ರೂ ಇದಕ್ಕೆ ಕೇಳಂಗಿಲ್ಲ. ಈಗ ಹೇಳ್ರಿ ಪ್ರಶಾಂತ್, ನೀವು ಏನ್ ನೋಡಿದ್ರಿ?”

ಅವನು ಕೂಗಾಡುತ್ತಾನೆಂದು ಅವಳು ಕಾದಿದ್ದಳು. ಅವನು ಕೂಗಾಡಲಿಲ್ಲ. ಮೂಟೆಗೆ ಒರಗಿದ.

“ಇದು ಇನ್ಸ್‌ಪೆಕ್ಟರಿಗೆ ಗೊತ್ತಾ?”

“ಇನ್ನೂ ಇಲ್ಲ.”

“ಹೇಳಬ್ಯಾಡ್ರಿ ಮೇಡಂ.” ದನಿ ಪೂರ್ತಿ ಬದಲಾಗಿತ್ತು. “ಕೈ ಮುಗಿತೀನಿ. ನಾಯಿ ಅಲ್ಲ ಅಂತ ಗೊತ್ತಾದ್ರ ಅವ್ರು ಮನುಷ್ಯಾರನ್ನ ಹುಡುಕ್ತಾರ.”

“ಹುಡುಕ್ಲಿ ಬಿಡ್ರಿ. ನಿಮಗ್ಯಾಕ ಹೆದರಿಕೆ?”

ಪ್ರಶಾಂತ ಮುಖ ತಿರುಗಿಸಿ ಹೊರಟ. ವಾಣಿಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಿತು. ಗಿರಣಿ ಯಾರ ಕೈಗೆ ಬಂತು? ಸುಳ್ಳು ಸಾಕ್ಷಿ ಹೇಳಿದವರು ಯಾರು? ಸಿದ್ಧ ವರದಿ ಹಿಡಿದು ನಿಂತವರು ಯಾರು? ಮೂರಕ್ಕೂ ಒಂದೇ ಹೆಸರು.

ಅವಳು ಎಸ್.ಟಿ.ಡಿ. ಬೂತಿಗೆ ಹೋಗಿ ಹಿದಾಯತ್ ಅವರಿಗೆ ಫೋನ್ ಮಾಡಿದಳು. ವರದಿ ಪೂರ್ತಿಯಾಗುವವರೆಗೆ ನಾಯಿ ತನ್ನ ಹತ್ತಿರವೇ ಇರಲಿ ಎಂದಳು. ಯಾಕೆಂದು ಹೇಳಲಿಲ್ಲ.

“ಒಯ್ಯಿರಿ ಮೇಡಂ,” ಎಂದರು ಹಿದಾಯತ್. “ಆದ್ರೆ ನಾಳೆ ನನಗೆ ಕಾಗದ ಬೇಕು. ಮ್ಯಾಲಿನೋರು ದಿನಾ ಕೇಳಾಕ ಹತ್ಯಾರ.”

* * *

ಪಿಂಟೋವನ್ನು ಲಗೇಜ್ ಆಟೋದಲ್ಲಿ ಹತ್ತಿಸಿಕೊಂಡು ವಾಣಿ ನಿಟ್ಟುವಳ್ಳಿಯ ತನ್ನ ಮನೆಗೆ ಬಂದಳು. ಅವಳ ತಾಯಿ ನೀಲಕ್ಕ ಗೊಣಗುತ್ತಲೇ ಅದಕ್ಕೆ ರೊಟ್ಟಿ ಮುರಿದು ಹಾಲಿಗೆ ಹಾಕಿದರು.

ಕಿವುಡು ನಾಯಿಗೆ ಕೈಸನ್ನೆಯೇ ಮಾತು. ವಾಣಿ ತನಗೆ ಗೊತ್ತಿದ್ದ ಸನ್ನೆಗಳನ್ನೆಲ್ಲ ಮಾಡಿ ನೋಡಿದಳು. ಪಿಂಟೋ ಅವಳ ಕೈಯನ್ನೇ ನೋಡುತ್ತ, ಅರ್ಥವಾಗದೆ, ತಲೆ ಆ ಕಡೆ ಈ ಕಡೆ ವಾಲಿಸಿತು. ಉಜ್ಜನಪ್ಪನವರು ಅದಕ್ಕೆ ತಮ್ಮದೇ ಯಾವುದೋ ಸನ್ನೆ ಕಲಿಸಿರಬೇಕು. ಅದು ಅವರ ಜೊತೆಗೇ ಹೋಯಿತು.

ಸಂಜೆ ಫೋನ್ ಬಂತು. ನಿಜಲಿಂಗಪ್ಪ ಬಡಾವಣೆಯಿಂದ ಅಂಕಿತಾ. ಉಜ್ಜನಪ್ಪನವರ ಒಬ್ಬಳೇ ಮಗಳು. ಕಾಲೇಜಿನಲ್ಲಿ ಜೊತೆಗೆ ಓದಿದವನನ್ನು ಮದುವೆಯಾದಳೆಂದು ಅಪ್ಪ ಬಾಗಿಲು ಹಾಕಿಕೊಂಡ ಸುದ್ದಿಯನ್ನು ವಾಣಿ ಹರಿಹರದಲ್ಲೇ ಕೇಳಿದ್ದಳು.

“ಮೇಡಂ, ಆ ನಾಯಿ ಉಳಿಸ್ರಿ. ಅಪ್ಪಾಜಿ ಆಸೆಪಟ್ಟು ಸಾಕಿದ್ದು.”

“ನಿಮಗೆ ನಾಯಿ ಗೊತ್ತಾ?”

“ಇಲ್ರಿ. ನಾನು ಮನೆ ಬಿಟ್ಟ ಮ್ಯಾಲೆ ತಂದಿದ್ದು. ಮುಖಾನೂ ನೋಡಿಲ್ಲ. ಅಪ್ಪಾಜಿ ಹೋದ ದಿನಾನೇ ನಾನು ಆ ಊರಿಗೆ ಕಾಲಿಟ್ಟಿದ್ದು. ನಾಳೆ ಬಂದು ಒಂದ್ಸಲ ನೋಡ್ಲಾ?”

ವಾಣಿ ಬರ್ರಿ ಎಂದಳು.

ಬೆಳಿಗ್ಗೆ ಟೈಪ್‌ರೈಟರ್ ಮುಂದೆ ಕೂತು ವರದಿ ಶುರುಮಾಡಿದಳು.

‘ನೋಡಿದ್ದು: ನಾಯಿಗೆ ಕಿವಿ ಕೇಳುವುದಿಲ್ಲ. ಲಾರಿಯ ಹಾರನ್, ಸೀಟಿ, ಪರಾತದ ಸದ್ದು ಯಾವುದಕ್ಕೂ ಪ್ರತಿಕ್ರಿಯೆ ಇಲ್ಲ. ನೆಲ ಅದುರಿದರೆ ಎಚ್ಚರಗೊಳ್ಳುತ್ತದೆ. ಆಫೀಸಿನ ಬಾಗಿಲಿನ ಒಳಮೈಯಲ್ಲಿ ಹೊಸ ಗೀರುಗಳಿವೆ. ನಾಯಿಯ ಮುಂಗಾಲಿನ ಉಗುರುಗಳು ಸೀಳಿದ್ದು, ಸಂದಿಯಲ್ಲಿ ಹಸಿರು ಬಣ್ಣವಿದೆ.

ಕೇಳಿದ್ದು: ಪಟಾಕಿಯ ಸದ್ದಿಗೆ ಬೆದರಿ ಓಡಿ ಬಂತೆಂದು ಪ್ರಶಾಂತ ಹೇಳುತ್ತಾರೆ.’

‘ಅನ್ನಿಸಿದ್ದು’ ಎಂದು ಟೈಪ್ ಮಾಡಿ ಕೈ ತಡೆದಳು. ಕಿವುಡು ನಾಯಿಯೂ ಮನುಷ್ಯನನ್ನು ಕೆಡವಬಹುದು. ಸದ್ದಿಗೆ ಬೆದರಲಾರದು, ಅಷ್ಟೇ. ಪ್ರಶಾಂತನೇ ತಳ್ಳಿದನೆಂದು ಬರೆಯಲು ಅವಳೇನು ನೋಡಿದ್ದಳು? ಅವನ ಹೆದರಿಕೆಯೊಂದನ್ನೇ.

ಅಷ್ಟರಲ್ಲಿ ಹೂವಿನವಳು ಬಂದಳೆಂದು ನೀಲಕ್ಕ ಗೇಟು ತೆರೆದರು. ಅಂಗಳದಲ್ಲಿದ್ದ ಪಿಂಟೋ ಒಮ್ಮೆಲೇ ನೆಟ್ಟಗಾಯಿತು. ರಸ್ತೆಯಾಚೆ ಆಟೋದಿಂದ ಇಳಿಯುತ್ತಿದ್ದ ಹೆಂಗಸೊಬ್ಬಳನ್ನು ಅದು ಕಂಡಿತ್ತು. ಮರುಕ್ಷಣ ನೀಲಕ್ಕನ ಸೀರೆ ಸವರಿಕೊಂಡೇ ಹೊರಗೆ ನುಗ್ಗಿತು.

“ವಾಣೀ, ನಾಯಿ ಹೋತು!”

ವಾಣಿ ಓಡಿ ಬರುವಷ್ಟರಲ್ಲಿ ಬಲಗಡೆಯಿಂದ ಟೆಂಪೋ ಒಂದು ರಭಸದಿಂದ ಬರುತ್ತಿತ್ತು. ಹಾರನ್ ಹೊಡೆಯಿತು. ಆ ನಾಯಿಗೆ ಹಾರನ್ ಏನು ಮಾಡೀತು?

ರಸ್ತೆಯಾಚೆಯ ಹೆಂಗಸು ಚೀರಲಿಲ್ಲ. ಬಲ ಅಂಗೈಯನ್ನು ಎದೆಗೆ ಒತ್ತಿ, ಬೆರಳು ಅಗಲಿಸಿ, ಸರ್ರನೆ ಕೆಳಗಿಳಿಸಿದಳು.

ಪಿಂಟೋ ಇದ್ದಲ್ಲೇ ಕೂತುಬಿಟ್ಟಿತು. ಟೆಂಪೋ ಅದರ ಮೂತಿಗೆ ಗಾಳಿ ಹೊಡೆಯುವಂತೆ ಹಾದುಹೋಯಿತು.

ಹೆಂಗಸು ಓಡಿಬಂದು ನಾಯಿಯ ಕುತ್ತಿಗೆ ತಬ್ಬಿಕೊಂಡಳು. ಅದು ಕುಂಯ್‌ಗುಟ್ಟುತ್ತ ಅವಳ ಮುಖವನ್ನೆಲ್ಲ ನೆಕ್ಕಿತು. ಆಮೇಲೆ ಅವಳು ತಲೆ ಎತ್ತಿ ವಾಣಿಯನ್ನು ಕಂಡಳು. ಕೈ ಸಡಿಲವಾಯಿತು.

“ಅಂಕಿತಾ ಅವರಾ?” ವಾಣಿ ಕೇಳಿದಳು.

ಅವಳು ಹೌದೆಂದು ತಲೆಯಾಡಿಸಿದಳು.

“ಮುಖಾನೂ ನೋಡಿಲ್ಲ ಅಂದಿದ್ರಿ.”

* * *

ಒಳಗೆ ಕೂತ ಮೇಲೂ ಅಂಕಿತಾ ನಾಯಿಯ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

“ಅಪ್ಪಾಜಿ ವರ್ಷದ ಹಿಂದೆ ತಾವಾಗೇ ಕರೆಸ್ಕೊಂಡ್ರು. ಮನೆಗಲ್ಲ, ಮಿಲ್ಲಿನ ಆಫೀಸಿಗೆ. ಹಿಂದಿನ ಗಲ್ಲಿಯಿಂದ ಬರ್ತಿದ್ದೆ. ಅಮ್ಮಗೆ ಗೊತ್ತಾದ್ರೆ ರಂಪ ಆಗ್ತೈತೆ, ಸ್ವಲ್ಪ ತಡೀ ಅಂತಿದ್ರು. ಈ ಸನ್ನೆ ನನಗೂ ಕಲಿಸಿದ್ರು. ಮೊದ್ಲು ಎದಿಗೆ ಕೈ ಯಾಕ ಅಂದ್ರೆ, ನಾನು ನಿನ್ನವನು ಅಂತ ಅದಕ್ಕೆ ಹೇಳ್ಬೇಕಲ್ಲಾ, ಅಂತಿದ್ರು.”

“ಅವರು ತೀರಿದ ದಿನ?”

ಅಂಕಿತಾ ನಾಯಿಯ ಕಿವಿ ಸವರಿದಳು.

“ಹೋಗಿದ್ದೆ.”

ಅಡಿಗೆಮನೆಯಲ್ಲಿ ನೀಲಕ್ಕನ ಪಾತ್ರೆ ಸದ್ದು ನಿಂತಿತು.

“ನಾನು ಹೋದಾಗ ಅಪ್ಪಾಜಿ ಕೆಳಗ ಬಿದ್ದಿದ್ರು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಪಿಂಟೋ ಅಲ್ಲಿರಲಿಲ್ರಿ. ಮ್ಯಾಲೆ ಆಫೀಸಿನೊಳಗ ಬಾಗಿಲಾ ಪರಪರ ಕೆರೀತಿತ್ತು. ಮೆಟ್ಲ ಹತ್ತಿ ಓಡಿ ಹೋಗಿ ಬಾಗಿಲಾ ತಳ್ಳಿದೆ. ಒಳಗಿಂದ ಚಿಲಕ ಹಾಕಿತ್ತು.”

“ಒಳಗಿಂದ?”

“ಒಳಗಿಂದಾನೇ. ಯಾರು ಒಳಗ ಅಂತ ಕೂಗಿದೆ. ಯಾರೂ ಮಾತಾಡಲಿಲ್ಲ. ಕೆಳಗ ಸ್ಕೂಟರ್ ಸದ್ದಾತು. ಹೆದರಿ ಗಲ್ಲಿ ಕಡೆ ಓಡಿದೆ. ಪ್ರಶಾಂತಣ್ಣ ನನ್ನ ನೋಡಿದ. ನಾನೂ ಅವನನ್ನ ನೋಡಿದೆ.”

ವಾಣಿ ನಿನ್ನೆ ಕಟ್ಟಿಕೊಂಡಿದ್ದ ಲೆಕ್ಕವೆಲ್ಲ ಒಮ್ಮೆಲೇ ಕುಸಿಯಿತು. ಪ್ರಶಾಂತ ಬಂದದ್ದು ಸಾವಾದ ಮೇಲೆ. ಅವನು ಕಣ್ಣಾರೆ ನೋಡಿದ್ದು ನಾಯಿಯನ್ನಲ್ಲ, ಅಪ್ಪನ ಹೆಣದ ಹತ್ತಿರದಿಂದ ಓಡಿಹೋಗುತ್ತಿದ್ದ ಮಗಳನ್ನು.

“ಅವನು ಸುಳ್ಳು ಹೇಳ್ತಿರೋದು ನಿಮ್ಮನ್ನ ಉಳಿಸಾಕ.”

“ಹೂಂ. ನಾನೇ ತಳ್ಳೀನಿ ಅಂತ ತಿಳ್ಕೊಂಡಾನ. ಒಮ್ಮೆ ಸಿಕ್ಕಾಗ, ಸುಮ್ನಿರು ತಂಗಿ, ನಾಯಿ ಮ್ಯಾಲೆ ಹೋಗ್ಲಿ ಅಂದ. ಇಲ್ಲ ಅಣ್ಣಾ, ನಾನಲ್ಲ ಅಂದ್ರೂ ನಂಬಲಿಲ್ಲ.” ಅವಳು ಕಣ್ಣೊರೆಸಿಕೊಂಡಳು. “ಒಡಹುಟ್ಟಿದವ್ನಲ್ಲ, ಆದ್ರೂ ಅಣ್ಣ ಅಂದ್ರೆ ಅವನೇ. ಆದ್ರೆ ಮಾತು ಬಾರದ ಜೀವ ಸಾಯ್ಲಿ ಅಂತ ನಾನು ಹೆಂಗೆ ಸುಮ್ನಿರ್ಲಿ?”

“ನಾಯಿ ಉಳಿಸಿದ್ರೆ ನಿಮ್ಮ ಮೇಲೇ ಬರ್ತೈತಲ್ಲ.”

“ಗೊತ್ತು. ಅದಕ್ಕೇ ನಿನ್ನೆ ನಿಮಗೂ ಸುಳ್ಳು ಹೇಳಿದೆ.”

ವಾಣಿಗೆ ನಂಬಬೇಕೆನಿಸಿತು. ನಂಬಲು ಭಯವೂ ಆಯಿತು. ಬಾಗಿಲ ಗೀರು ನಿಜ, ಉಗುರಿನ ಹಸಿರು ನಿಜ. ಆದರೆ ಚಿಲಕದ ಮಾತು? ಅದು ಕೇಳಿದ್ದು. ಇವಳ ಬಾಯಿಂದ ಮಾತ್ರ ಕೇಳಿದ್ದು.

ಫೋನ್ ಹೊಡೆದುಕೊಂಡಿತು.

“ಮೇಡಂ, ಹಿದಾಯತ್ ಮಾತಾಡೋದು. ವರದಿ ತಗೊಂಡು ಬರೋ ತಕಲೀಫ್ ಬ್ಯಾಡ ಇನ್ನ. ನಾಯಿ ಕೇಸ್ ಅಲ್ಲ ಇದು, ಕೊಲೆ. ಪ್ರಶಾಂತ ಠಾಣೆಗೆ ಬಂದು, ನಾನೇ ದೊಡ್ಡಪ್ಪನ್ನ ತಳ್ಳಿದೆ ಅಂತ ಒಪ್ಕೊಂಡ.”

ವಾಣಿ ಅಂಕಿತಾಳ ಕಡೆ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ನಾಯಿಯ ಕಥೆ ನಿಲ್ಲುವುದಿಲ್ಲವೆಂದು ನಿನ್ನೆ ಅವನಿಗೆ ತೋರಿಸಿಕೊಟ್ಟವಳು ತಾನೇ. ಪರಾತ ಬಡಿಸಿದ ಕೈ ತನ್ನದೇ.

“ಅವನಾಗೇ ಬಂದನಾ ಸಾರ್?”

“ಬಂದ ಅಂತ ಹೆಂಗೆ ಹೇಳ್ಲಿ? ಅವರ ದೊಡ್ಡಮ್ಮ ನಿರ್ಮಲಮ್ಮಾರೇ ಕರ್ಕೊಂಡು ಬಂದು ಬಿಟ್ರು. ಇವನು ಬಾಯಿ ತೆರೆಯೋಕೂ ಮೊದ್ಲೇ, ಎಲ್ಲಾ ಹೆಂಗಾಯ್ತು ಅಂತ ಅವರೇ ಹೇಳಿ ಮುಗಿಸಿದ್ರು. ಗಂಡ ಯಾವ ಮೆಟ್ಲಿಂದ ಜಾರಿದ್ರು, ಯಾವ ಕೈ ಚಾಚಿದ್ರು, ಎಲ್ಲಾ.” ಹಿದಾಯತ್ ದನಿ ತಗ್ಗಿಸಿದರು. “ಮೇಡಂ, ಮನೆಯೊಳಗಿದ್ದೆ, ಏನೂ ನೋಡಿಲ್ಲ ಅಂತ ಮೊದಲ ದಿನ ಹೇಳಿಕೆ ಕೊಟ್ಟ ಹೆಣ್ಮಗಳು ಅದು.”

ಒಳಗಿಂದ ಚಿಲಕ ಹಾಕಿ, ಆಫೀಸಿನ ಹಿಂಬಾಗಿಲಿನಿಂದ ಮನೆಯ ಹಿತ್ತಲಿಗೆ ಇಳಿದುಹೋಗಬಹುದಾದ ದಾರಿ ವಾಣಿಯ ಕಣ್ಣಿಗೆ ಕಟ್ಟಿತು.